ನಮ್ಮೂರ ಆಟಕ್ಕೊಂದು ವಿಡಿಯೊ ಚಾನೆಲ್: ಶುರು ಮಾಡೋದು ಹೇಗೆ, ನಡೆಸೋದು ಹೇಗೆ?

ಗದಗ ಜಿಲ್ಲೆಯ ಯಾವ ಊರಿನ ಜಾತ್ರೆಗೆ ಬೇಕಾದರೂ ಹೋಗಿ. ಒಂದು ಕಡೆ ಸಂಗ್ರಾಣಿ ಕಲ್ಲು ಎತ್ತುತ್ತಿರುತ್ತಾರೆ, ಇನ್ನೊಂದು ಕಡೆ ಕುಸ್ತಿ ಕಣ. ಶಾಲೆ ಮೈದಾನಕ್ಕೆ ಹೋದರೆ ಖೋ ಖೋ. ಲಕ್ಷ್ಮೇಶ್ವರದ ಕಡೆ ಹೋದರೆ ಎಣ್ಣೆ ಹಚ್ಚಿದ ಕಂಬದ ತುದಿಯಲ್ಲಿ ತಲೆಕೆಳಗಾಗಿ ನಿಂತ ಹುಡುಗರು. ನೋಡಲು ಜನ ಸೇರುತ್ತಾರೆ, ಸಿಳ್ಳೆ ಹೊಡೆಯುತ್ತಾರೆ, ಮೊಬೈಲ್ ಎತ್ತಿ ಹಿಡಿಯುತ್ತಾರೆ. ಮರುದಿನ ಏನು ಉಳಿಯುತ್ತದೆ? ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಮೂವತ್ತು ಸೆಕೆಂಡಿನ ತುಣುಕು, ಅದೂ 24 ಗಂಟೆಗೆ ಮಾಯ. ಯಾರು ಗೆದ್ದರು, ಎಷ್ಟು ಅಂಕ, ಯಾವ ಶಾಲೆ ಅಂತ ಒಂದು ವರ್ಷ ಬಿಟ್ಟು ಕೇಳಿದರೆ ಸಂಘಟಕರ ಹತ್ತಿರವೂ ಚೀಟಿ ಸಿಗೋದಿಲ್ಲ.

ಈ ಕೊರತೆ ತುಂಬಲು ಈಗ ದೊಡ್ಡ ದುಡ್ಡು ಬೇಕಿಲ್ಲ. ಒಂದು ಮೊಬೈಲ್, ಒಂದು ಸ್ಟ್ಯಾಂಡ್, ಆಟ ಗೊತ್ತಿರುವ ಇಬ್ಬರು ಮೂವರು ಇದ್ದರೆ ಯೂಟ್ಯೂಬ್ ಚಾನೆಲ್ ಶುರು ಮಾಡಬಹುದು. ಆದರೆ ಶುರುವಾದ ಇಂಥ ಚಾನೆಲ್‌ಗಳಲ್ಲಿ ಹೆಚ್ಚಿನವು ನಾಲ್ಕಾರು ವಿಡಿಯೊ ಆದಮೇಲೆ ನಿಂತುಬಿಡುತ್ತವೆ. ಹಾಗಾಗದಂತೆ ನಡೆಸಲು ಏನೇನು ಬೇಕು ಎಂಬ ಮಾಹಿತಿ ಇಲ್ಲಿದೆ. ಯುವಕ ಸಂಘಗಳು, ದೈಹಿಕ ಶಿಕ್ಷಕರು, ಗರಡಿ ಮನೆಯವರು, ಕಾಲೇಜು ವಿದ್ಯಾರ್ಥಿಗಳು ಕತ್ತರಿಸಿ ಇಟ್ಟುಕೊಳ್ಳಬಹುದು.

ಯಾಕೆ ಬೇಕು ಚಾನೆಲ್?

ಇದು ನಮ್ಮೊಬ್ಬರ ತೊಂದರೆ ಅಲ್ಲ. ಒಲಿಂಪಿಕ್ಸ್ ನಡೆಸುವ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೂ ಇದೇ ಚಿಂತೆ ಇತ್ತು. ಬಿಲ್ಲುಗಾರಿಕೆ, ಭಾರ ಎತ್ತುವುದು, ಕತ್ತಿವರಸೆಯಂಥ ಆಟಗಳನ್ನು ಜನ ನಾಲ್ಕು ವರ್ಷಕ್ಕೊಮ್ಮೆ ಎರಡು ವಾರ ನೋಡಿ ಮರೆತುಬಿಡುತ್ತಾರೆ. ನಡುವಿನ ದಿನಗಳಲ್ಲೂ ಆ ಆಟಗಳು ಕಣ್ಣಿಗೆ ಬೀಳಬೇಕು ಅಂತ 2014ರ ಡಿಸೆಂಬರ್‌ನಲ್ಲಿ ಮೊನಾಕೊದಲ್ಲಿ ಸಮಿತಿ ತೀರ್ಮಾನ ಮಾಡಿತು. 2016ರ ಆಗಸ್ಟ್ 21ರಂದು, ರಿಯೊ ಒಲಿಂಪಿಕ್ಸ್ ಮುಗಿದ ದಿನವೇ, ‘ಒಲಿಂಪಿಕ್ ಚಾನೆಲ್’ ಇಂಟರ್‌ನೆಟ್‌ನಲ್ಲಿ ಶುರುವಾಯಿತು. ಅಲ್ಲಿ ಬರೀ ಪಂದ್ಯ ತೋರಿಸಲಿಲ್ಲ. ಆಟಗಾರರ ಬದುಕು, ಅಭ್ಯಾಸ, ಆಟದ ನಿಯಮ ಎಲ್ಲವನ್ನೂ ವರ್ಷವಿಡೀ ಕೊಡತೊಡಗಿದರು. ಅಷ್ಟು ದೊಡ್ಡ ಸಂಸ್ಥೆಗೇ ಇದು ಬೇಕಾಯಿತು ಅಂದರೆ ನಮ್ಮ ಮಲ್ಲಕಂಬ, ಅಟ್ಯಾಪಟ್ಯಾಗಳ ಗತಿ ಏನು ಯೋಚಿಸಿ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯದ್ದೇ. 2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು ನೂರು ಮೀಟರಿಗೆ ಲೆಕ್ಕ ಹಾಕಿ 9.55 ಸೆಕೆಂಡ್ ಅಂದರು. ದೇಶವೆಲ್ಲ ‘ಭಾರತದ ಬೋಲ್ಟ್’ ಎಂದು ಕುಣಿಯಿತು. ಕೇಂದ್ರ ಕ್ರೀಡಾ ಸಚಿವಾಲಯದಿಂದ ಪರೀಕ್ಷೆಗೆ ಕರೆಯೂ ಬಂತು. ಕಂಬಳವೇ ಬೇರೆ, ಟ್ರ್ಯಾಕ್ ಓಟವೇ ಬೇರೆ ಅಂತ ಹೇಳಿ ಅವರು ಹೋಗಲಿಲ್ಲ. ಕೋಣದ ಜೋಡಿಯ ವೇಗ ಓಡಿಸುವವನಿಗೂ ಸಿಗುತ್ತದೆ, ಕೆಸರಿನ ಕರೆಗೆ ಬೇರೆಯೇ ಕಾಲ್ಬಲ ಬೇಕು ಎಂಬುದು ಕರಾವಳಿಯವರಿಗೆ ಗೊತ್ತಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ. ವಿಡಿಯೊ ಎಲ್ಲ ಕಡೆ ಓಡಿತು, ಆಟ ಮಾತ್ರ ಅರ್ಥವಾಗಲಿಲ್ಲ.

ಚಾನೆಲ್ ಮಾಡುವವರು ಮೊದಲು ತಿಳಿಯಬೇಕಾದದ್ದು ಇದೇ. ವೈರಲ್ ಆಗೋದು ಒಂದು ವಾರದ ಮಾತು. ಕಡಿಮೆ ಪರಿಚಿತ ಆಟದ ಚಾನೆಲ್‌ಗೆ ಎರಡೇ ಕೆಲಸ: ನೋಡುವವರಿಗೆ ಆಟ ಕಲಿಸುವುದು, ಆಡಿದವರ ಲೆಕ್ಕ ಬರೆದಿಡುವುದು. ಇವೆರಡು ಸರಿಯಾಗಿ ನಡೆದರೆ ಉಳಿದದ್ದು ನಿಧಾನಕ್ಕೆ ಬರುತ್ತದೆ.

ಯಾವ ಆಟ ಆರಿಸಿಕೊಳ್ಳಬೇಕು?

ಎಲ್ಲ ಆಟ ತೋರಿಸ್ತೀವಿ ಅಂತ ಹೊರಟರೆ ಒಂದೂ ಆಗೋದಿಲ್ಲ. ಮೊದಲ ವರ್ಷ ಒಂದು, ಹೆಚ್ಚೆಂದರೆ ಎರಡು ಆಟ ಸಾಕು. ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನಿಮ್ಮ ಊರಿನ ಸುತ್ತ 20–30 ಕಿಲೊಮೀಟರ್ ಒಳಗೆ ಈ ಆಟ ನಿಯಮಿತವಾಗಿ ನಡೆಯುತ್ತದೆಯೇ? ನಿಯಮ ತಿಳಿದ ತರಬೇತುದಾರರು ಅಥವಾ ನಿರ್ಣಾಯಕರು ಜೊತೆಗೆ ಬರುತ್ತಾರೆಯೇ? ಟೂರ್ನಿ ಇಲ್ಲದ ತಿಂಗಳಲ್ಲೂ ಅಭ್ಯಾಸ ನಡೆಯುತ್ತಿರುತ್ತದೆಯೇ?

ನಮ್ಮ ಭಾಗದಲ್ಲಿ ಈ ಮೂರಕ್ಕೂ ಹೌದು ಅನ್ನಿಸುವ ಆಟಗಳು ಹಲವು.

ಮಲ್ಲಕಂಬ: ನಮ್ಮ ಲಕ್ಷ್ಮೇಶ್ವರ, ಪಕ್ಕದ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಇದಕ್ಕೆ ಹೆಸರಾದ ಊರುಗಳು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲೇ ಪೈಲ್ವಾನರು ಕಂಬದ ಮೇಲೆ ಮಾಡುವ ಕಸರತ್ತಿನ ಮಾತು ಬರುತ್ತದೆ. 2019ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಹರಿಯಾಣದಲ್ಲಿ 2022ರ ಜೂನ್‌ನಲ್ಲಿ ನಡೆದ ಖೇಲೊ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಥಾಂಗ್ ತಾ, ಕಳರಿಪಯಟ್ಟು ಜೊತೆಗೆ ಇದಕ್ಕೂ ಜಾಗ ಸಿಕ್ಕಿತು.

ಖೋ ಖೋ: 2025ರ ಜನವರಿ 13ರಿಂದ 19ರವರೆಗೆ ನವದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್‌ನಲ್ಲಿ ಭಾರತದ ಪುರುಷರು, ಮಹಿಳೆಯರು ಇಬ್ಬರೂ ನೇಪಾಳವನ್ನು ಸೋಲಿಸಿ ಗೆದ್ದರು. ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದರು. ವಿಶ್ವಕಪ್ ಗೆದ್ದವರಿಗೆ ರಾಜ್ಯ ಸರ್ಕಾರ ಘೋಷಿಸಿದ ತಲಾ 5 ಲಕ್ಷ ರೂಪಾಯಿ ಸಾಲದು ಅಂತ ಇಬ್ಬರೂ ಅದನ್ನು ನಿರಾಕರಿಸಿದ್ದು ನೆನಪಿರಬಹುದು. ಆಡುವವರ ಹೆಸರು ಜನರ ಬಾಯಲ್ಲಿ ಇಲ್ಲದಿದ್ದರೆ ಗೆದ್ದಾಗಲೂ ಹೀಗೇ ಆಗುತ್ತದೆ.

ಅಟ್ಯಾಪಟ್ಯಾ, ಬಾಲ್ ಬ್ಯಾಡ್ಮಿಂಟನ್, ಸಂಗ್ರಾಣಿ ಕಲ್ಲು, ಹಗ್ಗಜಗ್ಗಾಟ ಇವೂ ಒಳ್ಳೆಯ ಆಯ್ಕೆಗಳೇ.

ಎತ್ತಿನ ಗಾಡಿ ಓಟ, ತೆರೆಬಂಡಿ ತೋರಿಸುವವರು ಕಾನೂನನ್ನೂ ಗಮನದಲ್ಲಿಡಬೇಕು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಓಟಗಳನ್ನು ನಿಷೇಧಿಸಿತ್ತು. ಕರ್ನಾಟಕ 2017ರಲ್ಲಿ ತಿದ್ದುಪಡಿ ಕಾಯ್ದೆ ತಂದು ಕಂಬಳ, ಎತ್ತಿನ ಗಾಡಿ ಓಟಕ್ಕೆ ಅವಕಾಶ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿ ಹಿಡಿಯಿತು. ಅವಕಾಶ ಇರುವುದು ಹಿಂಸೆ ಆಗದಂತೆ ನಡೆಸಿದರೆ ಮಾತ್ರ. ಬಾರುಕೋಲಿನಿಂದ ರಕ್ತ ಬರುವಂತೆ ಹೊಡೆಯುವ ದೃಶ್ಯ ಹಾಕಿದರೆ ಯೂಟ್ಯೂಬ್ ತೆಗೆದುಹಾಕುತ್ತದೆ, ಸಂಘಟಕರ ಮೇಲೆ ದೂರಿಗೂ ಅದೇ ಸಾಕ್ಷಿ ಆಗುತ್ತದೆ.

ಕ್ಯಾಮೆರಾ ತೆಗೆಯುವ ಮೊದಲು ಒಪ್ಪಿಗೆ

ಊರಿನ ಟೂರ್ನಿ ಆದರೆ ಸಂಘಟಕರ ಒಪ್ಪಿಗೆ ಪಡೆಯಿರಿ. ‘ಈ ಪಂದ್ಯಾವಳಿ ಚಿತ್ರೀಕರಿಸಿ ನಮ್ಮ ಚಾನೆಲ್‌ನಲ್ಲಿ ಹಾಕಲು ಅನುಮತಿ ಇದೆ’ ಅಂತ ಒಂದೇ ಸಾಲಿನ ಪತ್ರಕ್ಕೆ ಸಹಿ ಸಾಕು. ಶಾಲಾ ಕ್ರೀಡಾಕೂಟ ಆದರೆ ಮುಖ್ಯೋಪಾಧ್ಯಾಯರು, ತಾಲ್ಲೂಕು ಮಟ್ಟದ್ದಾದರೆ ಶಿಕ್ಷಣ ಇಲಾಖೆಯವರನ್ನು ಕೇಳಿ. ದಸರಾ ಕ್ರೀಡಾಕೂಟಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿ. ಡ್ರೋನ್ ಹಾರಿಸುವ ಆಸೆ ಇದ್ದರೆ ಪೊಲೀಸರನ್ನೂ ಕೇಳಲೇಬೇಕು. ಜಾತ್ರೆ ಜನಜಂಗುಳಿಯ ತಲೆ ಮೇಲೆ ಡ್ರೋನ್ ಬೇಡವೇ ಬೇಡ.

ನಮ್ಮ ಆಟಗಾರರಲ್ಲಿ ಹೆಚ್ಚಿನವರು 18 ತುಂಬದ ಮಕ್ಕಳು. ಹಾಗಾಗಿ ಇಲ್ಲಿ ಬಿಗಿ ಇರಬೇಕು.

– ತಂದೆ ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಮಗುವಿನ ಸಂದರ್ಶನ ಮಾಡಬೇಡಿ.
– ಹೆಸರು, ಶಾಲೆ, ವಯೋಮಿತಿ ವಿಭಾಗ ಹೇಳಿ. ಮನೆ ವಿಳಾಸ, ಮೊಬೈಲ್ ನಂಬರು ಬೇಡ. ಆಧಾರ್ ಇರುವ ಕಾಗದವನ್ನು ಕ್ಯಾಮೆರಾಗೆ ಹಿಡಿಯಬೇಡಿ.
– ಹಗ್ಗದ ಮಲ್ಲಕಂಬ ಮಾಡುವ ಹೆಣ್ಣುಮಕ್ಕಳನ್ನು ತೀರಾ ಹತ್ತಿರದಿಂದ ತೆಗೆಯಬೇಡಿ. ಹಗ್ಗ, ಮೈ, ನೆಲ ಮೂರೂ ಕಾಣುವ ದೂರದ ಚೌಕಟ್ಟೇ ಸರಿ. ವಿಡಿಯೊದ ಮೇಲಿನ ಚಿತ್ರ, ಅಂದರೆ ಥಂಬ್‌ನೇಲ್ ಆರಿಸುವಾಗ ತರಬೇತುದಾರರಿಗೆ ಒಮ್ಮೆ ತೋರಿಸಿ.
– ಯಾರಾದರೂ ಕಂಬದಿಂದ ಬಿದ್ದರೆ ಆ ತುಣುಕನ್ನು ವ್ಯೂಸ್ ಆಸೆಗೆ ಹಾಕಬೇಡಿ. ಒಂದು ಸಲ ಹಾಕಿದರೆ ಮುಂದೆ ಯಾವ ಮನೆಯವರೂ ಮಕ್ಕಳನ್ನು ನಿಮ್ಮ ಕ್ಯಾಮೆರಾ ಮುಂದೆ ಕಳಿಸೋದಿಲ್ಲ.

ಚಿಕ್ಕ ಮಕ್ಕಳಿರುವ ವಿಡಿಯೊಗಳಲ್ಲಿ ಕಾಮೆಂಟ್ ವಿಭಾಗವನ್ನು ಯೂಟ್ಯೂಬ್ 2019ರಿಂದ ತಾನೇ ಮುಚ್ಚುತ್ತಾ ಬಂದಿದೆ. ನಿಮ್ಮ ವಿಡಿಯೊದಲ್ಲೂ ಹಾಗಾದರೆ ಗಾಬರಿ ಬೇಡ. ಅದು ಶಿಕ್ಷೆಯಲ್ಲ, ರಕ್ಷಣೆ.

ಏನೇನು ಸಾಮಾನು ಬೇಕು?

ಮೊಬೈಲ್: ಈಗ ಕೈಯಲ್ಲಿರುವುದೇ ಸಾಕು. 1080 ಪಿಕ್ಸೆಲ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ ಸುಮಾರು 100ರಿಂದ 150 ಎಂಬಿ ಹಿಡಿಯುತ್ತದೆ. ಗಂಟೆಗೆ 6ರಿಂದ 9 ಜಿಬಿ ಅಂದುಕೊಳ್ಳಿ. ಹೊರಡುವ ಮುಂಚೆ ಜಾಗ ಖಾಲಿ ಮಾಡಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ಇಲ್ಲದಿದ್ದರೆ ಫೈನಲ್ ನಡೆಯುವಾಗಲೇ ಮನೆಯಿಂದ ಫೋನು ಬಂದು ರೆಕಾರ್ಡಿಂಗ್ ನಿಲ್ಲುತ್ತದೆ.

ಸ್ಟ್ಯಾಂಡ್: ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ ಹಾಕಿ. ಕೈಯಲ್ಲಿ ಹಿಡಿದು ಅರ್ಧ ಗಂಟೆ ಖೋ ಖೋ ತೆಗೆದರೆ ನೋಡುವವರಿಗೆ ತಲೆ ತಿರುಗುತ್ತದೆ.

ಮೈಕ್: ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಒಂದು ಬೇಕೇ ಬೇಕು. ಬಯಲಿನಲ್ಲಿ ಗಾಳಿ ಜೋರು. ಮೈಕ್ ಮೇಲೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಬರೀ ಬುಸುಗುಟ್ಟುವ ಸದ್ದು ಕೇಳುತ್ತದೆ.

ಪವರ್ ಬ್ಯಾಂಕ್, ಒಂದು ಛತ್ರಿ: ಛತ್ರಿ ಮಳೆಗಲ್ಲ, ಮೊಬೈಲಿಗೆ. ಏಪ್ರಿಲ್ ಬಿಸಿಲಿನಲ್ಲಿ ಮೊಬೈಲ್ ಕಾದು ತಾನೇ ಆಫ್ ಆಗುತ್ತದೆ.

ಒಂದು ನೋಟ್‌ಬುಕ್, ಪೆನ್ನು: ಇದರ ಮಾತು ಕೊನೆಗೆ ಬರುತ್ತದೆ.

ಆಟಕ್ಕೆ ತಕ್ಕಂತೆ ಕ್ಯಾಮೆರಾ

ಖೋ ಖೋ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನೆಲದ ಮಟ್ಟದಿಂದ ತೆಗೆದರೆ ಒಬ್ಬರ ಹಿಂದೆ ಒಬ್ಬರು ಮರೆಯಾಗಿ ಏನೂ ತಿಳಿಯೋದಿಲ್ಲ. ಉದ್ದದ ಬದಿಯ ನಡುವಿನಲ್ಲಿ, ಎತ್ತರದ ಜಾಗ ಹುಡುಕಿ. ಶಾಲೆಯ ಮಾಳಿಗೆ ಆಗಬಹುದು, ನಿಲ್ಲಿಸಿದ ಟ್ರ್ಯಾಕ್ಟರ್ ಟ್ರೇಲರ್ ಆಗಬಹುದು. ಮೊಬೈಲ್ ಅಡ್ಡಡ್ಡ ಇರಲಿ, ಎರಡೂ ಕಂಬ ಕಾಣಲಿ.

ಮಲ್ಲಕಂಬ ಇದಕ್ಕೆ ತದ್ವಿರುದ್ಧ. ಕಂಬ ಉದ್ದುದ್ದ ಇರುವುದರಿಂದ ಮೊಬೈಲ್ ಕೂಡ ನಿಲ್ಲಿಸಿ ಹಿಡಿದರೆ ಚೌಕಟ್ಟು ತುಂಬುತ್ತದೆ. ಹಾಗೆ ತೆಗೆದದ್ದು ಶಾರ್ಟ್ಸ್‌ಗೂ ಸರಿಹೊಂದುತ್ತದೆ. ಕಂಬದ ತುದಿಗಿಂತ ಮೂರು ನಾಲ್ಕು ಅಡಿ ಮೇಲಕ್ಕೆ ಜಾಗ ಬಿಡಿ, ತುದಿಯ ಮೇಲೆ ಆಟಗಾರ ಕೈಕಾಲು ಚಾಚುತ್ತಾನೆ. ಕೆಳಗೆ ಹಾಸಿಗೆಯೂ ಕಾಣಲಿ. ಇಳಿಯುವ ಬಗೆಯೂ ಆಟದ ಭಾಗ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು. ಎದುರಿಗಿದ್ದರೆ ಆಟಗಾರ ಬರೀ ಕಪ್ಪು ನೆರಳಾಗಿ ಕಾಣುತ್ತಾನೆ.

ಸಂಗ್ರಾಣಿ ಕಲ್ಲಿನ ವಿಡಿಯೊದಲ್ಲಿ ಜನ ಮೊದಲು ಅನುಮಾನ ಪಡುವುದು ತೂಕದ ಬಗ್ಗೆ. ‘ಅಷ್ಟ್ ಇರಾಕಿಲ್ಲ ಬಿಡ್ರಿ’ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಸ್ಪರ್ಧೆಗೆ ಮುಂಚೆ ಕಲ್ಲನ್ನು ತೂಕದ ಯಂತ್ರದ ಮೇಲಿಟ್ಟು, ಅಂಕಿ ಕಾಣುವಂತೆ, ಒಂದೇ ಓಟದಲ್ಲಿ ಚಿತ್ರೀಕರಿಸಿ. ನಡುವೆ ಕತ್ತರಿಸಬೇಡಿ.

ನಿಯಮ ಹೇಳಿಕೊಡುವ ಒಂದು ನಿಮಿಷ

ಕ್ರಿಕೆಟ್ ತೋರಿಸುವವರಿಗೆ ಎಲ್‌ಬಿಡಬ್ಲ್ಯು ಅಂದರೇನು ಅಂತ ದಿನಾ ಹೇಳಬೇಕಿಲ್ಲ. ನಿಮಗೆ ಆ ಅನುಕೂಲ ಇಲ್ಲ. ಪ್ರತಿ ವಿಡಿಯೊವನ್ನೂ ಆ ಆಟ ಕಂಡೇ ಇಲ್ಲದವರೊಬ್ಬರು ನೋಡುತ್ತಿರುತ್ತಾರೆ. ಒಂದು ನಿಮಿಷದಲ್ಲಿ ಅವರಿಗೆ ಆಟ ತಿಳಿಯದಿದ್ದರೆ ಹೊರಟು ಹೋಗುತ್ತಾರೆ.

ಖೋ ಖೋಗೆ ಹೀಗೆ ಹೇಳಬಹುದು: ‘ಎಂಟು ಜನ ಒಂದೇ ಸಾಲಿನಲ್ಲಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂತಿದ್ದಾರೆ. ಒಂಬತ್ತನೆಯವರು ಓಡಿಸುವವರು. ಓಡಿಸುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಬೇಕಾದರೆ ಕೂತವರ ಬೆನ್ನು ಮುಟ್ಟಿ ಖೋ ಕೊಡಬೇಕು. ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಬರುತ್ತಾರೆ, ಅವರು ಎಲ್ಲಿ ಬೇಕಾದರೂ ಓಡಬಹುದು.’ ಇಷ್ಟು ಹೇಳಿದರೆ ಸಾಕು, ಓಡಿಸುವವರು ಕಂಬದ ತನಕ ಯಾಕೆ ಹೋಗುತ್ತಾರೆ ಎಂಬ ಕುತೂಹಲ ತಾನೇ ಹುಟ್ಟುತ್ತದೆ.

ಅಟ್ಯಾಪಟ್ಯಾಗೆ: ‘ಎರಡೂ ಕಡೆ ಒಂಬತ್ತು ಜನ. ನೆಲದ ಮೇಲೆ ಒಂಬತ್ತು ಅಡ್ಡ ಪಟ್ಟಿ. ಒಂದೊಂದು ಪಟ್ಟಿಗೂ ಒಬ್ಬ ಕಾವಲುಗಾರ. ಅವನ ಕೈಗೆ ಸಿಗದೆ, ಆ ಕಡೆ ಹೋದಂತೆ ಮಾಡಿ ಈ ಕಡೆ ನುಸುಳಬೇಕು. ಎಷ್ಟು ಪಟ್ಟಿ ದಾಟಿದರೆ ಅಷ್ಟು ಅಂಕ.’

ಮಲ್ಲಕಂಬಕ್ಕೆ: ಮೊದಲು ಮೂರು ಬಗೆ ಹೇಳಿ: ನೆಲಕ್ಕೆ ಹುಗಿದ ಕಂಬ, ತೂಗುವ ಕಂಬ, ಹಗ್ಗ. ಕಂಬಕ್ಕೆ ಹರಳೆಣ್ಣೆ ಯಾಕೆ ಹಚ್ಚುತ್ತಾರೆ ಎಂಬುದನ್ನು ಆಟಗಾರರ ಬಾಯಿಂದಲೇ ಹೇಳಿಸಿ. ಜಾರಿಸಲು ಅಲ್ಲ, ಮೈಯುಜ್ಜಿ ಚರ್ಮ ಕಿತ್ತು ಬರದಿರಲಿ ಅಂತ. ಒಂದೊಂದು ಕಸರತ್ತಿನ ಹೆಸರು ಪರದೆ ಮೇಲೆ ಬರಲಿ.

ವೀಕ್ಷಕ ವಿವರಣೆಗೆ ಟಿವಿ ಕನ್ನಡ ಬೇಡ. ನಮ್ಮ ಜಾತ್ರೆಯಲ್ಲಿ ಮೈಕ್ ಹಿಡಿದು ಕುಸ್ತಿ ಹೇಳುವವರ ಮಾತು ಕೇಳಿದ್ದೀರಲ್ಲ? ‘ಏ ಹಿಡದ್ ನೋಡ್ರಿ ಪಟ್ಟು!’ ಅಂತ ಅವರು ಕೂಗಿದಾಗ ಕೂತವರೂ ಎದ್ದು ನಿಲ್ಲುತ್ತಾರೆ. ಅಂಥವರನ್ನೇ ಕರೆತನ್ನಿ. ಅವರ ಪಕ್ಕ ನಿಯಮ ಬಲ್ಲ ಪಿಟಿ ಮಾಸ್ತರ್ರನ್ನು ಕೂರಿಸಿ. ಒಬ್ಬರು ಹುರುಪು ತುಂಬಲಿ, ಇನ್ನೊಬ್ಬರು ‘ಯಾಕೆ ಔಟ್’ ಅಂತ ಬಿಡಿಸಿ ಹೇಳಲಿ.

ಲೈವ್ ಮಾಡಬೇಕೇ, ರೆಕಾರ್ಡ್ ಮಾಡಬೇಕೇ?

ಮೊದಲ ಎರಡು ತಿಂಗಳು ರೆಕಾರ್ಡಿಂಗ್ ಒಂದೇ ಸಾಕು. ಕೈ ಪಳಗಿದ ಮೇಲೆ ಲೈವ್ ಬಗ್ಗೆ ಯೋಚಿಸಿ. ಲೈವ್ ಮಾಡಲು ಕೆಲವು ಷರತ್ತುಗಳಿವೆ.

– ಚಾನೆಲ್ ಫೋನ್ ನಂಬರಿನಿಂದ ಪರಿಶೀಲನೆ ಆಗಿರಬೇಕು. 15 ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕಲೂ ಇದು ಬೇಕು.
– ಮೊಬೈಲ್ ಆ್ಯಪ್‌ನಿಂದಲೇ ಲೈವ್ ಹೋಗಲು ಕನಿಷ್ಠ 50 ಸಬ್‌ಸ್ಕ್ರೈಬರ್ ಇರಬೇಕು.
– ಮೊದಲ ಸಲ ಲೈವ್ ಸೌಲಭ್ಯ ಚಾಲೂ ಮಾಡಿದಾಗ ಸಿಗಲು 24 ಗಂಟೆ ಹಿಡಿಯಬಹುದು. ಟೂರ್ನಿ ದಿನ ಬೆಳಿಗ್ಗೆ ಒತ್ತಿದರೆ ಕೆಲಸ ಕೆಟ್ಟಂತೆ.
– 2025ರ ಜುಲೈನಿಂದ 16 ವರ್ಷದೊಳಗಿನವರು ಒಬ್ಬರೇ ಲೈವ್ ಮಾಡುವಂತಿಲ್ಲ. ಹೈಸ್ಕೂಲ್ ಹುಡುಗರು ನಡೆಸುವ ಚಾನೆಲ್ ಆದರೆ ದೊಡ್ಡವರೊಬ್ಬರು ಹೊಣೆ ಹೊರಬೇಕು.

ಡೇಟಾ ಲೆಕ್ಕವನ್ನೂ ಮೊದಲೇ ಹಾಕಿ. 720 ಪಿಕ್ಸೆಲ್ ಲೈವ್‌ಗೆ ಸೆಕೆಂಡಿಗೆ 4 ಮೆಗಾಬಿಟ್ ಬೇಕೆಂದುಕೊಂಡರೆ ಗಂಟೆಗೆ 1.8 ಜಿಬಿ ಆಯಿತು. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಒಂದು ಗಂಟೆ ದಾಟುತ್ತಿದ್ದಂತೆ ಮುಗಿಯಿತು. ಸೆಮಿಫೈನಲ್ ನೋಡಿದವರಿಗೆ ಫೈನಲ್ ಇಲ್ಲ! ಇನ್ನೊಂದು ತೊಂದರೆ ಟವರಿನದು. ಹಿಂದಿನ ದಿನ ಖಾಲಿ ಮೈದಾನದಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತದೆ. ಮರುದಿನ ಐದು ಸಾವಿರ ಜನ ಸೇರಿದಾಗ ಅದೇ ಟವರ್ ಉಸಿರು ಬಿಡುತ್ತದೆ. ಬೇರೆ ಬೇರೆ ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳಿ. ಮೈದಾನದ ಪಕ್ಕದ ಮನೆಯಲ್ಲೋ ಗ್ರಾಮ ಪಂಚಾಯಿತಿಯಲ್ಲೋ ವೈಫೈ ಇದ್ದರೆ ಕೇಳಿ ನೋಡಿ. ಲೈವ್ ನಡೆಯುವಾಗ ಇನ್ನೊಂದು ಮೊಬೈಲ್‌ನಲ್ಲಿ ಪೂರ್ತಿ ರೆಕಾರ್ಡ್ ಆಗುತ್ತಿರಲಿ. ಲೈವ್ ಕೈಕೊಟ್ಟರೂ ಆಟ ಉಳಿಯುತ್ತದೆ.

ಸಿನಿಮಾ ಹಾಡು ಎಂಬ ತಲೆನೋವು

ನಮ್ಮ ಟೂರ್ನಿಗಳಲ್ಲಿ ಪಂದ್ಯದ ನಡುವೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಹಾಕುವುದು ವಾಡಿಕೆ. ನಿಮ್ಮ ಮೈಕ್‌ಗೆ ಅದು ಬಿದ್ದರೆ ಯೂಟ್ಯೂಬ್‌ನ ಯಂತ್ರ ಹಾಡನ್ನು ಗುರುತಿಸುತ್ತದೆ. ವಿಡಿಯೊದ ಆದಾಯ ಹಾಡಿನ ಹಕ್ಕುದಾರರಿಗೆ ಹೋಗಬಹುದು, ವಿಡಿಯೊ ಬ್ಲಾಕ್ ಆಗಬಹುದು, ಲೈವ್ ನಡುವೆಯೇ ನಿಲ್ಲಬಹುದು. ಸಂಘಟಕರಿಗೆ ಮೊದಲೇ ಹೇಳಿ, ಆಟ ನಡೆಯುವಾಗ ಹಾಡು ನಿಲ್ಲಿಸಿಸಿ. ಆಗದಿದ್ದರೆ ಮೈದಾನದ ಸದ್ದು ತೆಗೆದು, ಬರೀ ವಿವರಣೆಯ ಧ್ವನಿ ಇಡಿ. ಹಲಗೆ, ಡೊಳ್ಳು ಬಾರಿಸುವವರು ಇದ್ದರೆ ಅವರನ್ನೇ ರೆಕಾರ್ಡ್ ಮಾಡಿಕೊಳ್ಳಿ. ಒಪ್ಪಿಗೆ ಪಡೆದು ಅದನ್ನೇ ಚಾನೆಲ್‌ನ ಗುರುತಿನ ಸದ್ದು ಮಾಡಿಕೊಳ್ಳಬಹುದು.

ಟಿವಿಯಲ್ಲಿ ಬಂದ ಪಂದ್ಯದ ತುಣುಕು ಕತ್ತರಿಸಿ ಹಾಕಬೇಡಿ. ಪ್ರಸಾರದ ಹಕ್ಕು ಚಾನೆಲ್‌ಗಳದು. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಿದ್ದರೆ ನಿಮ್ಮ ಚಾನೆಲ್ಲೇ ಮುಚ್ಚಿಹೋಗುತ್ತದೆ. ಎರಡು ವರ್ಷದ ದುಡಿಮೆ ಒಂದೇ ದಿನ ಹೋದಂತೆ.

ಹೆಸರು, ಶೀರ್ಷಿಕೆ, ಹುಡುಕಾಟ

ಚಾನೆಲ್ ಹೆಸರಿನಲ್ಲಿ ಊರು ಅಥವಾ ಆಟ, ಎರಡರಲ್ಲಿ ಒಂದಾದರೂ ಇರಲಿ. ಶೀರ್ಷಿಕೆಯಲ್ಲಿ ‘ಮೈ ಜುಂ ಅನ್ನಿಸುವ ಆಟ, ಕೊನೆವರೆಗೂ ನೋಡಿ’ ಅಂತ ಬರೆದರೆ ಯಾರಿಗೂ ಅದು ಹುಡುಕಿದಾಗ ಸಿಗೋದಿಲ್ಲ. ಆಟ, ಮಟ್ಟ, ವಿಭಾಗ, ತಂಡಗಳು, ಊರು, ವರ್ಷ ಇಷ್ಟು ಇರಲಿ: ‘ಖೋ ಖೋ, ತಾಲ್ಲೂಕು ಮಟ್ಟ, ಬಾಲಕಿಯರ ಫೈನಲ್, ರೋಣ’ ಎಂದು ಬರೆದು ಪಕ್ಕದಲ್ಲಿ ಇಸವಿ ಹಾಕಿ. ಮಲ್ಲಕಂಬವನ್ನು ಕೆಲವರು ಮಲ್ಲಗಂಬ ಅಂತಲೂ ಬರೆಯುತ್ತಾರೆ. ವಿವರಣೆಯಲ್ಲಿ ಎರಡೂ ಇರಲಿ. ಇಂಗ್ಲಿಷ್, ಹಿಂದಿ ಅಕ್ಷರದಲ್ಲೂ ಒಮ್ಮೆ ಬರೆಯಿರಿ. ಮಹಾರಾಷ್ಟ್ರ, ಮಧ್ಯಪ್ರದೇಶದಲ್ಲಿ ಈ ಆಟ ನೋಡುವವರು ಬಹಳ ಜನ ಇದ್ದಾರೆ.

ಪೂರ್ತಿ ಪಂದ್ಯ, ಎಂಟು ಹತ್ತು ನಿಮಿಷದ ಸಾರಾಂಶ, ಒಂದು ಶಾರ್ಟ್ಸ್ ಹೀಗೆ ಮೂರು ತುಂಡು ಮಾಡಿ. 2024ರ ಅಕ್ಟೋಬರ್‌ನಿಂದ ಶಾರ್ಟ್ಸ್ ಮೂರು ನಿಮಿಷದವರೆಗೂ ಇರಬಹುದು. ಹೊಸಬರು ಬರುವುದು ಶಾರ್ಟ್ಸ್‌ನಿಂದ. ಪೂರ್ತಿ ಪಂದ್ಯ ನೋಡುವವರು ಆಟಗಾರರು, ತರಬೇತುದಾರರು. ವ್ಯೂಸ್ ಕಡಿಮೆ ಬಂತೆಂದು ಅದನ್ನು ನಿಲ್ಲಿಸಬೇಡಿ.

ದುಡ್ಡಿನ ಮಾತು

ಇಲ್ಲಿ ಆಸೆ ಹುಟ್ಟಿಸುವುದು ತಪ್ಪು. ಜಾಹೀರಾತಿನ ಆದಾಯ ಸಿಗಲು 1,000 ಸಬ್‌ಸ್ಕ್ರೈಬರ್ ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಒಂದು ತಾಲ್ಲೂಕಿನ ಖೋ ಖೋ ಚಾನೆಲ್‌ಗೆ ಇದು ವರ್ಷದಲ್ಲಿ ಆದರೆ ದೊಡ್ಡದು. ಅಲ್ಲಿಯವರೆಗೆ ಖರ್ಚು ಕೈಯಿಂದಲೇ.

ಊರಿನ ಬೀಜ ಗೊಬ್ಬರದ ಅಂಗಡಿ, ಕೋಚಿಂಗ್ ಕ್ಲಾಸ್, ಸಹಕಾರಿ ಸಂಘ, ಹಳೆಯ ವಿದ್ಯಾರ್ಥಿಗಳು ಇವರೇ ನಿಮ್ಮ ನಿಜವಾದ ಪ್ರಾಯೋಜಕರು. ಟೂರ್ನಿಯ ಪೆಂಡಾಲಿಗೆ ದುಡ್ಡು ಕೊಡುವವರು ಚಿತ್ರೀಕರಣದ ಪೆಟ್ರೋಲಿಗೂ ಕೊಡುತ್ತಾರೆ, ಕೇಳಬೇಕು ಅಷ್ಟೇ. ಪಡೆದದ್ದು, ಖರ್ಚಾದದ್ದು ಬರೆದಿಡಿ. ವರ್ಷಕ್ಕೊಮ್ಮೆ ಸಂಘದ ಸಭೆಯಲ್ಲಿ ಓದಿ ಹೇಳಿ. ಇಂಥ ತಂಡಗಳು ಒಡೆಯುವುದು ಹೆಚ್ಚಾಗಿ ಲೆಕ್ಕದ ವಿಚಾರಕ್ಕೇ.

ದೊಡ್ಡ ಮೊತ್ತ ಹಿಡಿದು ಮೊದಲು ಬರುವವರು ಬೆಟ್ಟಿಂಗ್ ಆ್ಯಪ್‌ನವರು. ಕೈ ಮುಗಿದು ಕಳಿಸಿ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಪ್ರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತು ಮಾಡುವುದೂ ಅಪರಾಧ. ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು.

ವರ್ಷದ ಕೆಲಸ ಹೀಗಿರಲಿ

ಜೂನ್–ಜುಲೈ: ಟೂರ್ನಿ ಕಡಿಮೆ. ನಿಯಮ ಹೇಳುವ ಒಂದೊಂದು ನಿಮಿಷದ ವಿಡಿಯೊ, ಅಭ್ಯಾಸದ ದೃಶ್ಯ, ಹಳೆಯ ಆಟಗಾರರ ಮಾತು ಈಗಲೇ ಮಾಡಿಕೊಳ್ಳಿ.

ಆಗಸ್ಟ್–ಅಕ್ಟೋಬರ್: ಶಾಲಾ ಕ್ರೀಡಾಕೂಟ, ದಸರಾ ಕ್ರೀಡಾಕೂಟಗಳ ಕಾಲ. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಒಂದು ತಂಡದ ಬೆನ್ನು ಹತ್ತಿ. ಅದೇ ಒಂದು ಕಥೆ ಆಗುತ್ತದೆ.

ನವೆಂಬರ್–ಡಿಸೆಂಬರ್: ಆದದ್ದನ್ನು ಜೋಡಿಸಿ, ವಿಭಾಗ ಮಾಡಿ, ಪ್ಲೇಲಿಸ್ಟ್ ಇಡಿ.

ಜನವರಿ–ಮೇ: ಜಾತ್ರೆಗಳ ಕಾಲ. ಕಲ್ಲು, ಕುಸ್ತಿ, ಗಾಡಿ ಓಟ, ಊರೂರ ಟೂರ್ನಿ.

ವಾರಕ್ಕೆ ಒಂದು ವಿಡಿಯೊ, ನಿಗದಿಯಾದ ವಾರದಂದು. ಅದಕ್ಕಿಂತ ಹೆಚ್ಚು ಮಾತು ಕೊಡಬೇಡಿ. ಚಾನೆಲ್ ನಿಲ್ಲುವುದು ಹೆಚ್ಚಾಗಿ ಒಬ್ಬರ ಮೇಲೇ ಎಲ್ಲ ಹೊರೆ ಬಿದ್ದಾಗ. ತೆಗೆಯುವವರು, ಕತ್ತರಿಸಿ ಜೋಡಿಸುವವರು, ಬರೆಯುವವರು ಮೂವರು ಬೇರೆ ಬೇರೆ ಇರಲಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ. ಚಾನೆಲ್ ಒಬ್ಬರ ಸ್ವಂತ ಜಿಮೇಲ್‌ನಲ್ಲಿದ್ದು, ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಚಾನೆಲ್ಲೂ ಹೋದಂತೆ. ಸಂಘದ ಹೆಸರಿನಲ್ಲೇ ಖಾತೆ ತೆರೆಯಿರಿ.

ಕೊನೆಗೆ ಆ ನೋಟ್‌ಬುಕ್

ಪ್ರತಿ ಪಂದ್ಯಕ್ಕೂ ದಿನಾಂಕ, ಊರು, ಮಟ್ಟ, ವಿಭಾಗ, ಎರಡೂ ತಂಡದ ಆಟಗಾರರ ಪೂರ್ತಿ ಹೆಸರು, ಅಂಕ, ನಿರ್ಣಾಯಕರ ಹೆಸರು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ವಿಡಿಯೊದ ಕೆಳಗಿನ ವಿವರಣೆಯಲ್ಲಿ ಹಾಗೇ ಹಾಕಿ. ಮಕ್ಕಳ ಪೂರ್ತಿ ಹೆಸರು ಹಾಕುವುದಕ್ಕೂ ಪೋಷಕರ ಒಪ್ಪಿಗೆ ಬೇಕು, ನೆನಪಿರಲಿ. ಹೆಸರಿನ ಅಕ್ಷರ ತಪ್ಪಬಾರದು. ಆಟಗಾರರ ಹತ್ತಿರವೇ ಬರೆಸಿಕೊಳ್ಳುವುದು ಒಳ್ಳೆಯದು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇವೆ ಅಂದರೆ, 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಕ್ರೀಡಾ ಕೋಟಾ ಪಟ್ಟಿಗೆ 20 ಆಟ ಸೇರಿಸಿತು. ಅದರಲ್ಲಿ ಮಲ್ಲಕಂಬ, ಹಗ್ಗಜಗ್ಗಾಟ ಕೂಡ ಇವೆ. ಈ ಆಟ ಆಡುವ ನಮ್ಮ ಹುಡುಗ ಹುಡುಗಿಯರಿಗೆ ನೌಕರಿಯ ಒಂದು ಬಾಗಿಲು ತೆರೆದಿದೆ. ಒಂದು ಮಾತು ಸ್ಪಷ್ಟ ಇರಲಿ: ನಿಮ್ಮ ವಿಡಿಯೊ ಪ್ರಮಾಣಪತ್ರ ಅಲ್ಲ. ಕೋಟಾಕ್ಕೆ ಬೇಕಾಗುವುದು ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರವೇ. ಆದರೆ ಆಯ್ಕೆಗೆ ಬರುವ ತರಬೇತುದಾರರಿಗೆ ತೋರಿಸಲು, ತನ್ನ ತಪ್ಪು ತಾನೇ ನೋಡಿ ತಿದ್ದಿಕೊಳ್ಳಲು, ‘ಈ ಊರಲ್ಲೂ ಆಡುವವರು ಇದ್ದಾರೆ’ ಎಂದು ಇಲಾಖೆಯ ಮುಂದೆ ಇಡಲು ಆಟಗಾರರ ಕೈಗೆ ಒಂದು ದಾಖಲೆ ಬರುತ್ತದೆ. ಮೈದಾನಕ್ಕೆ ಹಾಸಿಗೆ ಕೊಡಿ, ತರಬೇತುದಾರರನ್ನು ಕೊಡಿ ಎಂದು ಅರ್ಜಿ ಬರೆಯುವಾಗ ಐದು ವರ್ಷದ ಐವತ್ತು ಪಂದ್ಯದ ಲೆಕ್ಕ ಜೊತೆಗಿಟ್ಟರೆ ಅರ್ಜಿಗೆ ತೂಕ ಬರುತ್ತದೆ.

ಈ ವರ್ಷದ ಜಾತ್ರೆಯಲ್ಲಿ ಕಲ್ಲು ಎತ್ತಿದವರು, ತಾಲ್ಲೂಕು ಫೈನಲ್‌ನಲ್ಲಿ ಕೊನೆಯ ಖೋ ಕೊಟ್ಟ ಹುಡುಗಿ, ಅವರ ಹೆಸರು ಮುಂದಿನ ಜಾತ್ರೆವರೆಗೂ ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು. ಬರುವ ಭಾನುವಾರ ನಿಮ್ಮೂರ ಮೈದಾನಕ್ಕೆ ಒಂದು ಸ್ಟ್ಯಾಂಡ್, ಒಂದು ನೋಟ್‌ಬುಕ್ ಹಿಡಿದು ಹೋಗಿ. ಅಷ್ಟರಿಂದ ಶುರು ಮಾಡಬಹುದು.